ಸೌತ್‌ಡೇಲ್ ಮಾಲ್‌ನಲ್ಲಿ ಮೊದಲು ಏನೇನಿತ್ತು? ಅಮ್ಮನ ವಾಕಿಂಗ್‌ಗೆ ಆಗುತ್ತಾ?

ಹೊಸಕೋಟೆ ಹುಡುಗ

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಕೆಲಸದ ಮೇಲೆ ಮಿನ್ನೆಸೋಟಾಗೆ ಬಂದೆ. ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ ಮನೆ ಹಿಡಿದಿದ್ದೀನಿ. ಹತ್ತಿರದಲ್ಲೇ ಸೌತ್‌ಡೇಲ್ ಸೆಂಟರ್ ಅಂತ ಒಂದು ಮಾಲ್. ಆಫೀಸಲ್ಲಿ ಒಬ್ಬರು, ನಿಮ್ಮನೆ ಪಕ್ಕ ಇರೋದು ಅಮೆರಿಕದ ಮೊಟ್ಟಮೊದಲ ಮಾಲ್, ಗೊತ್ತಾ ಅಂದ್ರು. ಶನಿವಾರ ಹೋಗಿ ನೋಡಿದೆ. ನನಗಂತೂ ಹಾಗೇನೂ ಅನಿಸಲಿಲ್ಲ. ಒಂದು ತುದಿಯಲ್ಲಿ ಮೇಸೀಸ್ ಅನ್ನೋ ದೊಡ್ಡ ಅಂಗಡಿ, ಇನ್ನೊಂದು ಕಡೆ ಅಂಥದ್ದೇ ಕೋಲ್ಸ್, ಮತ್ತೊಂದು ಕಡೆ ದೊಡ್ಡ ಜಿಮ್. ನಡುವೆ ಕೆಲವು ಅಂಗಡಿಗಳ ಮುಂದೆ ಬಿಳಿ ಹಲಗೆ ಹೊಡೆದು ಮುಚ್ಚಿದ್ದಾರೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸೋ ಕೌಂಟಿ ಕಚೇರಿ ಕೂಡ ಒಳಗೇ ಇದೆ! ಇದೇನು ಮಾಲೋ, ಮಿನಿ ವಿಧಾನಸೌಧವೋ? ನಡುವಿನ ಹಜಾರದಲ್ಲಿ ಚಿನ್ನದ ಬಣ್ಣದ ಲೋಹದ ಮರಗಳು ನಿಂತಿವೆ, ಅದೇನು ಅಂತ ನನ್ನ ಜೊತೆ ಬಂದವರಿಗೂ ಗೊತ್ತಿಲ್ಲ.

ಡಿಸೆಂಬರ್‌ಗೆ ಅಮ್ಮ ಬರ್ತಿದ್ದಾರೆ, ನಾಲ್ಕು ತಿಂಗಳಿಗೆ. ಶುಗರ್ ಇದೆ. ದಿನಾ ಮುಕ್ಕಾಲು ಗಂಟೆ ನಡೀಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಊರಲ್ಲಾದ್ರೆ ಕೆರೆ ಏರಿ ಮೇಲೆ ನಡೀತಾರೆ. ಇಲ್ಲಿ ಆ ಚಳಿಯಲ್ಲಿ ಏನು ಮಾಡೋದು? ಹಳಬರು ಯಾರಾದ್ರೂ ಈ ಮಾಲ್ ಕಥೆನೂ ಹೇಳಿ, ಅಮ್ಮನಿಗೊಂದು ದಾರೀನೂ ಹೇಳಿ.

ಶಿವಮೊಗ್ಗ ಎಕ್ಸ್‌ಪ್ರೆಸ್

ಗುರು, ಸೌತ್‌ಡೇಲ್‌ನಲ್ಲಿ ಏನಿದೆ ಮಣ್ಣು? ಹತ್ತು ಹದಿನೈದು ನಿಮಿಷ ಗಾಡಿ ಓಡಿಸಿದ್ರೆ ಬ್ಲೂಮಿಂಗ್ಟನ್‌ನಲ್ಲಿ ಮಾಲ್ ಆಫ್ ಅಮೆರಿಕಾ. ಒಳಗೇ ರೋಲರ್ ಕೋಸ್ಟರ್ ಇದೆ. ಅಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಒಂದು ಸುತ್ತು ಹಾಕೋಷ್ಟರಲ್ಲಿ ಶುಗರ್ ಇಳಿದಿರತ್ತೆ.

ತಿಪಟೂರಿನ ಅತ್ತಿಗೆ

ಮೇಲಿನವರ ಮಾತು ಕೇಳಬೇಡ ಕಣಪ್ಪ. ವಯಸ್ಸಾದವರನ್ನ ರೋಲರ್ ಕೋಸ್ಟರ್ ಕಿರುಚಾಟದ ನಡುವೆ ವಾಕಿಂಗ್ ಮಾಡಿಸ್ತಾರಾ ಯಾರಾದ್ರೂ? ನಾನು ಈ ಊರಿಗೆ ಬಂದು ಮೂವತ್ತು ವರ್ಷ ಆಗ್ತಾ ಬಂತು. ಅದರಲ್ಲಿ ಒಂಬತ್ತು ವರ್ಷ ಸೌತ್‌ಡೇಲ್ ಒಳಗೇ ಸಂಬಳ ತಗೊಂಡಿದೀನಿ. ಉದ್ದ ಬರೀತೀನಿ, ಕಾಫಿ ಇಟ್ಕೊಂಡು ಓದು.

ನಾನು ಇಲ್ಲಿ ಬಂದು ಇಳಿದಿದ್ದು 1996ರ ಜನವರಿ ಕೊನೇ ವಾರ. ಕೈಯಲ್ಲಿ ಹಪ್ಪಳ, ಕೊಬ್ಬರಿ, ಮೈ ಮೇಲೆ ಮೈಸೂರಲ್ಲಿ ತಗೊಂಡ ಒಂದು ಸ್ವೆಟರ್ರು. ಒಂದು ವಾರ ಕಳೆದಿತ್ತೋ ಇಲ್ವೋ, ಫೆಬ್ರುವರಿ 2 ಬಂತು. ಇಲ್ಲಿನ ಹಳಬರನ್ನ ಯಾರನ್ನಾದ್ರೂ ಕೇಳು, ಆ ದಿನ ಹೇಳ್ತಾರೆ. ರಾಜ್ಯದ ಉತ್ತರಕ್ಕೆ ಟವರ್ ಅಂತ ಒಂದು ಊರಲ್ಲಿ ಮೈನಸ್ 60 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಮೈನಸ್ 51. ಮಿನ್ನೆಸೋಟಾದ ದಾಖಲೆ ಅದು, ಇವತ್ತಿಗೂ ಮುರಿದಿಲ್ಲ. ಗವರ್ನರ್ರೇ ಇಡೀ ರಾಜ್ಯದ ಶಾಲೆಗಳಿಗೆ ರಜ ಕೊಟ್ಟುಬಿಟ್ರು. ನಾನು ಅಡುಗೆಮನೆ ಕಿಟಕಿ ಗಾಜಿನ ಒಳಮೈ ಮೇಲೆ ಕಟ್ಟಿದ್ದ ಹಿಮವನ್ನ ಉಗುರಲ್ಲಿ ಕೆರೀತಾ ಕೂತಿದ್ದೆ. ಕೆರೆದ್ರೆ ಅಕ್ಕಿಹಿಟ್ಟಿನ ಥರ ಉದುರ್ತಿತ್ತು. ಅವತ್ತು ನಾನು ಅತ್ತಿದ್ದು ನಮ್ಮೆಜಮಾನ್ರಿಗೆ ಇವತ್ತಿಗೂ ಗೊತ್ತಿಲ್ಲ.

ಎರಡು ದಿನ ಬಿಟ್ಟು ಭಾನುವಾರ ಇವರು, ಬಾ, ಒಂದು ಕಡೆ ಹೋಗೋಣ ಅಂತ ಕರ್ಕೊಂಡು ಹೋದ್ರು. ಹೊರಗಿಂದ ನೋಡಿದ್ರೆ ಕಿಟಕಿನೇ ಇಲ್ಲದ ಗೋಡೆ, ಒಳ್ಳೆ ಕೊಬ್ಬರಿ ಗೋಡೌನ್ ಇದ್ದ ಹಾಗೆ. ಎರಡು ಜೊತೆ ಬಾಗಿಲು ದಾಟಿ ಒಳಗೆ ಹೋದ್ವಿ. ಮೂಗಿನೊಳಗೆ ಹೆಪ್ಪುಗಟ್ಟಿದ್ದು ಕರಗಿ ನೀರಾಯ್ತು. ಕಣ್ಣೆತ್ತಿ ನೋಡ್ತೀನಿ, ಮೇಲಿಂದ ಬಿಸಿಲು ಬೀಳ್ತಿದೆ, ಗಿಡ ಇವೆ, ಬೆಂಚಿನ ಮೇಲೆ ಜನ ಕೋಟು ಮಡಿಲಲ್ಲಿ ಇಟ್ಕೊಂಡು ಐಸ್‌ಕ್ರೀಮ್ ತಿಂತಾ ಕೂತಿದ್ದಾರೆ! ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತಾರಲ್ಲ, ನನಗೆ ಆ ನೀರಿನ ಬಾವಿಕಟ್ಟೆ ಸೌತ್‌ಡೇಲ್. ಆ ವರ್ಷ ಏಪ್ರಿಲ್‌ವರೆಗೂ ವಾರಕ್ಕೆ ಮೂರು ದಿನ ಹೋಗಿದೀನಿ. ಕೊಂಡಿದ್ದು ಒಟ್ಟು ಒಂದು ಜೊತೆ ಬೂಟು, ಒಂದು ಟೋಪಿ.

ಈಗ ಕಥೆಗೆ ಬರ್ತೀನಿ. ಸೌತ್‌ಡೇಲ್ ಶುರುವಾಗಿದ್ದು 1956ರ ಅಕ್ಟೋಬರ್ 8ಕ್ಕೆ. ಕಟ್ಟಿಸಿದ್ದು ಡೇಟನ್ಸ್ ಅನ್ನೋ ಮಿನಿಯಾಪೊಲಿಸ್‌ನ ದೊಡ್ಡ ಅಂಗಡಿಯವರು. ಯುದ್ಧ ಮುಗಿದ ಮೇಲೆ ಜನ ಪೇಟೆ ಬಿಟ್ಟು ಹೊರವಲಯಕ್ಕೆ ಮನೆ ಕಟ್ಟಿಕೊಂಡು ಹೋಗ್ತಿದ್ರು. ಗಿರಾಕಿ ಹೋದ ಕಡೆ ಅಂಗಡಿನೂ ಹೋಗಬೇಕಲ್ಲ. ಅವರು ಕರೆಸಿದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ವಿಯೆನ್ನಾದ ಯಹೂದಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾನ ನುಂಗಿದಾಗ ತಪ್ಪಿಸಿಕೊಂಡು ಅಮೆರಿಕಕ್ಕೆ ಓಡಿ ಬಂದವನು. ಅವನು ಹವಾಮಾನದ ಲೆಕ್ಕ ಹಾಕಿ, ಈ ಊರಲ್ಲಿ ಹೊರಗೆ ಓಡಾಡಿ ಸಾಮಾನು ಕೊಳ್ಳೋಕೆ ಹದವಾದ ದಿನ ವರ್ಷಕ್ಕೆ 126 ಮಾತ್ರ ಅಂದನಂತೆ. ನನ್ನ ಕೇಳಿದ್ರೆ ಅದೂ ಜಾಸ್ತಿನೇ ಆಯ್ತು. ಅದಕ್ಕೇ ಬೀದಿಗೇ ಚಾವಣಿ ಹೊದಿಸಿ, ವರ್ಷವಿಡೀ 75 ಡಿಗ್ರಿ ಫ್ಯಾರನ್‌ಹೀಟ್ ಇರೋ ಹಾಗೆ ಮಾಡಿದ. ಅಂದ್ರೆ 24 ಸೆಲ್ಸಿಯಸ್, ನಮ್ಮೂರಿನ ಡಿಸೆಂಬರ್ ಬೆಳಗ್ಗೆ ಹತ್ತು ಗಂಟೆಯ ಹವೆ. ಎರಡು ಕೋಟಿ ಡಾಲರ್ ಖರ್ಚು, 72 ಅಂಗಡಿ, 5,200 ಕಾರಿಗೆ ಜಾಗ.

ಇನ್ನೊಂದು ವಿಶೇಷ ಏನು ಗೊತ್ತಾ? ಡೇಟನ್ಸ್‌ನವರು ತಮ್ಮ ಕಟ್ಟಡದಲ್ಲೇ ತಮ್ಮ ಎದುರಾಳಿ ಡೊನಾಲ್ಡ್‌ಸನ್ಸ್‌ಗೂ ಜಾಗ ಕೊಟ್ರು. ಒಂದೇ ಒರೆಯಲ್ಲಿ ಎರಡು ಕತ್ತಿ. ಆಗ ಎಲ್ಲರೂ ಇದೇನು ಹುಚ್ಚು ಅಂದಿರಬೇಕು. ಆದ್ರೆ ಒಂದು ಕಡೆ ಬೆಲೆ ಕೇಳಿ ಇನ್ನೊಂದು ಕಡೆಗೆ ಹೋಗೋ ಗಿರಾಕಿ ನಡುವೆ ಇರೋ ಎಪ್ಪತ್ತು ಅಂಗಡಿ ಮುಂದೆ ಹಾದು ಹೋಗಲೇಬೇಕಲ್ವಾ. ಅದೇ ಅದರ ಗುಟ್ಟು.

ಮೊದಲಿಗೆ ಒಳಗೆ ರೆಡ್ ಔಲ್ ಅಂತ ದಿನಸಿ ಅಂಗಡಿ, ವುಲ್‌ವರ್ತ್, ಔಷಧಿಗೆ ವಾಲ್‌ಗ್ರೀನ್ಸ್ ಎಲ್ಲಾ ಇತ್ತು. ಅಂದ್ರೆ ಬಟ್ಟೆಬರೆ ಮಾತ್ರ ಅಲ್ಲ, ಮೊಟ್ಟೆ ಹಾಲಿಗೂ ಅಲ್ಲಿಗೇ ಬರ್ತಿದ್ರು. ಹಜಾರದ ನಡುವೆ ಆಳೆತ್ತರಕ್ಕೂ ಮೀರಿದ ಹಕ್ಕಿ ಪಂಜರ, ಅದರಲ್ಲಿ ಜೀವಂತ ಹಕ್ಕಿಗಳು. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಹಿರಿಯಾಕೆ ಚಿಕ್ಕ ಹುಡುಗಿಯಾಗಿದ್ದಾಗ ನೋಡಿದ್ರಂತೆ. ಅವರಿಗೆ ಅಂಗಡಿ ಒಂದೂ ನೆನಪಿಲ್ಲ, ಹಕ್ಕಿ ಮಾತ್ರ ನೆನಪು. ಹೊರಗೆ ಹಿಮ ಸುರೀತಿದ್ರೆ ಒಳಗೆ ಹಕ್ಕಿ ಚಿಲಿಪಿಲಿ ಅಂತಿತ್ತು ಅಂತ ಊಟದ ಬಿಡುವಲ್ಲಿ ಹತ್ತು ಸಲ ಹೇಳಿರಬೇಕು.

ನೀನು ಕೇಳಿದ ಚಿನ್ನದ ಮರ ಹ್ಯಾರಿ ಬೆರ್ಟೋಯಾ ಅನ್ನೋ ಶಿಲ್ಪಿ ಮಾಡಿದ್ದು, ಹೆಸರೇ 'ಚಿನ್ನದ ಮರಗಳು'. 1956ರಿಂದ ಅಲ್ಲೇ ನಿಂತಿವೆ. ಒಳಗಿರೋದ್ರಲ್ಲಿ ಹೆಸರು ಬದಲಾಗದೆ ಉಳಿದಿರೋದು ಅವೇ ಅನ್ನಬಹುದು.

ಈಗ ನನ್ನ ಮೂರು ಬ್ಯಾಡ್ಜಿನ ಕಥೆ. 1999ರ ನವೆಂಬರಲ್ಲಿ ಕ್ರಿಸ್‌ಮಸ್ ಭರಾಟೆಗೆ ಅಂತ ಡೇಟನ್ಸ್‌ನಲ್ಲಿ ಎರಡು ತಿಂಗಳಿಗೆ ಸೇರಿಕೊಂಡೆ, ಗಂಡಸರ ಶರ್ಟ್ ವಿಭಾಗ. ಆ ಕಟ್ಟಡ 1956ರದ್ದಲ್ಲ. ಡೇಟನ್ಸ್‌ನವರು 1990ರಲ್ಲಿ ಪಕ್ಕದಲ್ಲೇ ಹೊಸದು ಕಟ್ಟಿಕೊಂಡು ಹಳೇದನ್ನ ಬಿಟ್ಟುಕೊಟ್ಟಿದ್ರು. ನನ್ನ ಕೆಲಸ ಏನು ಅಂದ್ರೆ, ಗಿರಾಕಿ ಕತ್ತಿಗೆ ಟೇಪು ಹಿಡಿದು ಎರಡು ಬೆರಳು ತೂರಿಸಿ ಅಳತೆ ಹೇಳೋದು, ಬಿಚ್ಚಿ ಬಿಸಾಡಿದ ಶರ್ಟುಗಳನ್ನ ಹಲಗೆ ಇಟ್ಟು ಮತ್ತೆ ಮಡಿಸೋದು. ಒಂದು ಹೊಸ ಶರ್ಟಿಗೆ ಏಳೆಂಟು ಗುಂಡುಸೂಜಿ ಚುಚ್ಚಿರ್ತಾರೆ. ಗಿರಾಕಿ ಆರು ಕಿತ್ತು, ಒಂದನ್ನ ಕಾಲರ್ ಕೆಳಗೆ ಬಿಟ್ಟಿರ್ತಾನೆ. ಅದು ಸಿಗೋದು ನನ್ನ ಹೆಬ್ಬೆರಳಿಗೆ. ಮಡಿಸೋದ್ರಲ್ಲಿ ನನ್ನ ಕೈ ಎತ್ತಿದ ಕೈ ಆಯ್ತು. ಪಂಚೆ, ರೇಷ್ಮೆ ಸೀರೆ ಮಡಿಸಿದ ಕೈಗೆ ಶರ್ಟ್ ಯಾವ ಲೆಕ್ಕ. ಎರಡು ತಿಂಗಳು ಅಂತ ಸೇರಿದ್ದು ಒಂಬತ್ತು ವರ್ಷ ಆಯ್ತು.

2001ರಲ್ಲಿ ಒಂದು ಬೆಳಗ್ಗೆ ಡೇಟನ್ಸ್ ಬ್ಯಾಡ್ಜ್ ತೆಗೆಸಿ ಮಾರ್ಷಲ್ ಫೀಲ್ಡ್ಸ್ ಬ್ಯಾಡ್ಜ್ ಕೊಟ್ರು. ಅದು ಶಿಕಾಗೋದ ಹೆಸರು, ಆದ್ರೆ ಮಾಲೀಕರು ಮಾತ್ರ ಅದೇ ಡೇಟನ್ಸ್ ಕಂಪನಿ. ಅಷ್ಟರಲ್ಲಿ ಅವರ ಕಂಪನಿಗೆ ಟಾರ್ಗೆಟ್ ಅಂತ ಹೆಸರಾಗಿತ್ತು. ಹೌದಪ್ಪ, ನೀನು ಹಾಲು ತರೋ ಟಾರ್ಗೆಟ್ಟೇ. ಡೇಟನ್ಸ್‌ನವರು 1962ರಲ್ಲಿ ಕಡಿಮೆ ಬೆಲೆ ಅಂಗಡಿ ಅಂತ ಇಲ್ಲೇ ರೋಸ್‌ವಿಲ್‌ನಲ್ಲಿ ಶುರು ಮಾಡಿದ ಕೂಸು ಅದು. ಕೂಸು ಬೆಳೆದು ತಾಯಿನ ಮಾರಿಬಿಡ್ತು. 2004ರಲ್ಲಿ ಟಾರ್ಗೆಟ್‌ನವರು ಮಾರ್ಷಲ್ ಫೀಲ್ಡ್ಸನ್ನ 'ಮೇ' ಅನ್ನೋ ಹೆಸರಿನ ಕಂಪನಿಗೆ ಮಾರಿದ್ರು, ಮರುವರ್ಷ ಆ ಕಂಪನಿನ ಮೇಸೀಸ್‌ನ ಒಡೆಯರು ಕೊಂಡ್ರು, 2006ರ ಸೆಪ್ಟೆಂಬರಲ್ಲಿ ನನಗೆ ಮೂರನೇ ಬ್ಯಾಡ್ಜ್. ಕೌಂಟರ್ ಅದೇ, ಟೇಪು ಅದೇ, ಎದುರಿಗಿನ ಕನ್ನಡಿಯ ಮೂಲೇಲಿ ಇದ್ದ ಗೀರು ಕೂಡ ಅದೇ. ನಿತ್ಯದ ಗಿರಾಕಿಗಳು ಮಾತ್ರ ಕೊನೇವರೆಗೂ ಡೇಟನ್ಸ್ ಅಂತಲೇ ಚೆಕ್ ಬರೀತಿದ್ರು. ಮೂರು ಬ್ಯಾಡ್ಜೂ ನನ್ನ ಸೂಜಿ-ದಾರದ ಡಬ್ಬೀಲಿವೆ.

ಡೊನಾಲ್ಡ್‌ಸನ್ಸ್ ಇದ್ದ ಮೂಲೆಯ ಹಣೆಬರಹ ಇನ್ನೂ ವಿಚಿತ್ರ. 1987ರಲ್ಲಿ ಅದು ಕಾರ್ಸನ್ ಪಿರಿ ಸ್ಕಾಟ್ ಆಯ್ತು. 1995ರಲ್ಲಿ ಮರ್ವಿನ್ಸ್. ನನ್ನ ಮಗಳ ಶಾಲೆ ಬಟ್ಟೆ ಎಲ್ಲಾ ಮರ್ವಿನ್ಸ್‌ದೇ. 2004ರಲ್ಲಿ ಅದೂ ಮುಚ್ಚಿ ಏಳು ವರ್ಷ ಅಲ್ಲಿ ದೀಪ ಹಚ್ಚೋರಿಲ್ಲ. 2011ರಲ್ಲಿ ಹರ್ಬರ್ಗರ್ಸ್ ಬಂದ್ರು, 2018ರಲ್ಲಿ ಅವರ ಇಡೀ ಕಂಪನಿನೇ ಮುಳುಗ್ತು. ಈಗ ಕೋಲ್ಸ್. ಒಂದೇ ಮನೆಗೆ ಐದು ಬಾಡಿಗೆದಾರರು! ಜಿಮ್ ಇರೋ ಕಡೆ ಜೆಸಿ ಪೆನ್ನಿ ಇತ್ತು, 1972ರಲ್ಲಿ ಸೇರಿಸಿದ್ದು. 2017ರಲ್ಲಿ ಮುಚ್ಚಿದ್ರು, ಕೆಡವಿದ್ರು, 2019ರ ಕೊನೇಲಿ ಲೈಫ್ ಟೈಮ್ ಅನ್ನೋ ಈ ಜಿಮ್ ಬಂತು. ಮೊದಲು ಜನ ಅಲ್ಲಿ ಹಾಸಿಗೆ ಹೊದಿಕೆ ಕೊಳ್ಳೋಕೆ ಹೋಗ್ತಿದ್ರು, ಈಗ ಬೆವರು ಹರಿಸೋಕೆ ದುಡ್ಡು ಕಟ್ಟಿ ಹೋಗ್ತಾರೆ.

ಅಮ್ಮನ ವಿಷಯ ಮರೆತಿಲ್ಲ. ಅಂಗಡಿ ತೆರೆಯೋಕೆ ಮೊದಲೇ ಮಾಲಿನ ಬಾಗಿಲು ತೆಗೀತಾರೆ, ನಡೆಯೋರಿಗೆ ಅಂತಲೇ. ಹೋಗೋಕೆ ಮುಂಚೆ ಸಮಯ ಒಮ್ಮೆ ವಿಚಾರಿಸಿಕೋ. ನೆಲ ನುಣುಪು, ಮೆಟ್ಟಿಲು ಹತ್ತೋ ಅಗತ್ಯ ಇಲ್ಲ, ಅಲ್ಲಲ್ಲಿ ಕೂರೋಕೆ ಜಾಗ. ಆದ್ರೆ ಒಂದು ಎಚ್ಚರ. ಗ್ರುಯೆನ್ ಮಾಡಿದ ಜಾಣತನ ಅದು. ಸುತ್ತಲಿನ ನೆಲಾನೇ ಏರಿಳಿತ ಮಾಡಿ, ಒಂದು ಕಡೆಯಿಂದ ಬಂದ್ರೆ ಕೆಳ ಅಂತಸ್ತಿಗೆ ಸಮವಾಗಿ, ಇನ್ನೊಂದು ಕಡೆಯಿಂದ ಬಂದ್ರೆ ಮೇಲಂತಸ್ತಿಗೆ ಸಮವಾಗಿ ಒಳಗೆ ಹೋಗೋ ಹಾಗೆ ಮಾಡಿದ. ಮಹಡಿ ಹತ್ತಿ ಬಂದಿದೀವಿ ಅಂತ ಯಾರಿಗೂ ಅನಿಸಬಾರದು, ಎರಡು ಅಂತಸ್ತಿಗೂ ಒಂದೇ ವ್ಯಾಪಾರ ಆಗಬೇಕು ಅಂತ. 2003ರಲ್ಲಿ ನಮ್ಮಪ್ಪ ಬಂದಿದ್ರು. ನಾನು ಕೆಲಸಕ್ಕೆ ಹೋಗುವಾಗ ಅವರನ್ನೂ ಜೊತೇಲಿ ಕರ್ಕೊಂಡು ಹೋಗ್ತಿದ್ದೆ, ಹನ್ನೊಂದಕ್ಕೆ ನಮ್ಮೆಜಮಾನ್ರು ಬಂದು ಕರ್ಕೊಂಡು ಹೋಗೋರು. ಒಂದು ದಿನ ನಾನೇ ದಡ್ಡಿ ಥರ, ಅಪ್ಪಾ, ನೆಲಮಟ್ಟದ ಬಾಗಿಲಲ್ಲಿ ನಿಂತಿರಿ ಅಂದೆ. ಅವರಿಗೆ ಎಲ್ಲಾ ಬಾಗಿಲೂ ನೆಲಮಟ್ಟವೇ! ಮೇಲಂತಸ್ತಿನ ಬಾಗಿಲಿಂದ ಹೊರಗೆ ಹೋಗಿ, ಪಂಚೆ ಮೇಲೆ ಕೋಟು ಹಾಕ್ಕೊಂಡು, ಮಂಕಿ ಕ್ಯಾಪಲ್ಲಿ, ಬಿಳೀ ಕಾರುಗಳನ್ನ ಒಂದೊಂದೇ ಬಗ್ಗಿ ನೋಡ್ತಾ ನಿಂತಿದ್ದಾರೆ. ಇವರು ಕೆಳಗಿನ ಬಾಗಿಲಲ್ಲಿ ಹುಡುಕ್ತಿದ್ದಾರೆ. ಮೊಬೈಲ್ ಇವರ ಹತ್ರನೂ ಇಲ್ಲ, ಅಪ್ಪನ ಹತ್ರನೂ ಇಲ್ಲ. ಇಪ್ಪತ್ತು ನಿಮಿಷ ಆದಮೇಲೆ ಬೆಳಗ್ಗೆ ವಾಕಿಂಗ್ ಮಾಡೋ ಒಬ್ಬ ಅಜ್ಜ ಅಪ್ಪನ್ನ ಕೈ ಹಿಡ್ಕೊಂಡು ನನ್ನ ಕೌಂಟರಿಗೇ ಕರ್ಕೊಂಡು ಬಂದ್ರು. ಅಪ್ಪ ಹೇಳಿದ ಒಂದೇ ಮಾತು: "ಈ ಊರಲ್ಲಿ ನೆಲ ಎಷ್ಟಿವೆ ಮಗಾ?"

ಅದಕ್ಕೇ, ಯಾವ ಬಾಗಿಲಿಂದ ಒಳಗೆ ಹೋದ್ರೋ ಆ ಬಾಗಿಲ ಫೋಟೊ ಅಮ್ಮನ ಫೋನಲ್ಲಿ ತೆಗೆದುಕೊಡು.

ವಿಸ್ಕಾನ್ಸಿನ್ ವಿಶ್ವ

ಅತ್ತಿಗೆ, ಬರಹ ಸೊಗಸು. ಆದ್ರೆ ಮೊಟ್ಟಮೊದಲ ಮಾಲ್ ಅನ್ನೋದಕ್ಕೆ ನಮ್ಮ ರಾಜ್ಯದವರ ತಕರಾರಿದೆ. ಆಪಲ್ಟನ್‌ನ ವ್ಯಾಲಿ ಫೇರ್ 1955ರಲ್ಲೇ ಶುರುವಾಗಿತ್ತು, ಅದೂ ಚಾವಣಿ ಇದ್ದ ಒಳಾಂಗಣದ್ದೇ. ನಾವು ಒಂದು ವರ್ಷ ಮುಂದಿದ್ವಿ!

ಧಾರವಾಡದಾಂವ, ಈಗ ಡೆಟ್ರಾಯ್ಟ್

ನಮ್ಮ ಕಡೆ ನಾರ್ತ್‌ಲ್ಯಾಂಡ್ ಅಂತ ಇತ್ತು ನೋಡ್ರಿ, ಸೌತ್‌ಫೀಲ್ಡ್‌ನಾಗ. ಅದೂ ಇದs ಗ್ರುಯೆನ್ ಮಾಡಿದ್ದು, 1954ರಾಗ. ಹಡ್ಸನ್ಸ್ ಅನ್ನೂ ದೊಡ್ಡ ಅಂಗಡಿ ನಡುವ, ಸುತ್ತ ಉಳಿದ ಅಂಗಡಿ. ಆವಾಗ ಮ್ಯಾಲ ಚಾವಣಿ ಇರಲಿಲ್ಲ, ಆಮ್ಯಾಲ ಹೊದಿಸಿದ್ರು. ನಾ ಬಂದಾಗ ಅರ್ಧಾ ಖಾಲಿ ಆಗಿತ್ತು, 2015ರಾಗ ಪೂರ್ತಿ ಬಾಗಿಲಾ ಹಾಕಿದ್ರು. ಅಕ್ಕಾರ, ನಿಮ್ಮ ಮಾಲಿನಾಗ ಇನ್ನೂ ಮಂದಿ ಅಡ್ಡಾಡ್ತಾರಲ್ಲ, ಅದs ದೊಡ್ಡದು.

ಲೆಕ್ಕಪತ್ರ

ಮಾಲ್‌ಗಳು ಹೀಗೆ ಅಣಬೆ ಥರ ಎದ್ದಿದ್ದಕ್ಕೆ ಚಳಿ ಒಂದೇ ಕಾರಣ ಅಲ್ಲ, ತೆರಿಗೆ ಕಾನೂನೂ ಕಾರಣ. 1954ರವರೆಗೆ ಕಟ್ಟಡದ ಸವಕಳಿಯನ್ನು (ಹಳೆಯದಾಗುತ್ತಾ ಇಳಿಯುವ ಬೆಲೆ, ಅದನ್ನು ಆದಾಯದಿಂದ ಕಳೆದು ತೆರಿಗೆ ಕಟ್ಟಬಹುದು) ವರ್ಷವರ್ಷವೂ ಸಮನಾಗಿ ಲೆಕ್ಕ ಹಾಕಬೇಕಿತ್ತು. ಆ ವರ್ಷ ಅಮೆರಿಕದ ಸಂಸತ್ತು ಮೊದಲ ವರ್ಷಗಳಲ್ಲೇ ಹೆಚ್ಚು ಸವಕಳಿ ತೋರಿಸಬಹುದು ಅಂತ ತಿದ್ದುಪಡಿ ಮಾಡಿತು. ಅಂದರೆ ಮಾಲ್ ಚೆನ್ನಾಗಿ ಬಾಡಿಗೆ ತರುತ್ತಿದ್ದರೂ ಪುಸ್ತಕದಲ್ಲಿ ನಷ್ಟ ಕಾಣುತ್ತೆ, ತೆರಿಗೆ ಉಳಿಯುತ್ತೆ. ಆ ಅನುಕೂಲ ತೀರಿದ ಮೇಲೆ ಮಾರಿ ಇನ್ನೊಂದು ಕಟ್ಟೋದು. ಹಳೆಯದನ್ನು ದುರಸ್ತಿ ಮಾಡೋದಕ್ಕಿಂತ ಊರಾಚೆ ಹೊಸ ಜಮೀನಿನಲ್ಲಿ ಹೊಸದು ಕಟ್ಟೋದೇ ಲಾಭ. ಪೇಟೆ ಬೀದಿಯ ಹಳೇ ಅಂಗಡಿಗಳು ಈ ಆಟದಲ್ಲಿ ಸೋತವು. ಗ್ರುಯೆನ್‌ಗೂ ಈ ಆಟ ಇಷ್ಟ ಇರಲಿಲ್ಲ ಅಂತ ಓದಿದ್ದೀನಿ.

ಕೋರಮಂಗಲ ಕಾಫಿ

ಓದ್ತಾ ಓದ್ತಾ ನಮ್ಮ ಫೋರಂ ನೆನಪಾಯ್ತು. 2004ರಲ್ಲಿ ತೆರೆದಾಗ ಬೆಂಗಳೂರಿಗೆ ಅದೇ ಸೌತ್‌ಡೇಲ್. ಪಿವಿಆರ್‌ನ ಹನ್ನೊಂದು ಪರದೆ ನೋಡೋಕೆ ಜನ ಜಾತ್ರೆ. ನಾನು ಕಾಲೇಜಲ್ಲಿದ್ದೆ, ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿಯಲ್ಲಿ ನೆಲದ ಮೇಲೆ ಕೂತು ಪುಸ್ತಕ ಓದಿ ಮುಗಿಸಿ, ಕೊಳ್ಳದೆ ಎದ್ದು ಬರ್ತಿದ್ದೆ. ಈಗ ಲ್ಯಾಂಡ್‌ಮಾರ್ಕ್ ಇಲ್ಲ, ಮಾಲಿನ ಹೆಸರೂ ನೆಕ್ಸಸ್ ಅಂತಾಗಿದೆ. ಆದ್ರೆ ಆಟೋದವರ ಹತ್ರ ನೆಕ್ಸಸ್ ಅಂದು ನೋಡಿ, "ಎಲ್ಲಿ ಸಾರ್, ಫೋರಂ ಹತ್ರಾನಾ?" ಅಂತಾರೆ.

ಶಿವಮೊಗ್ಗ ಎಕ್ಸ್‌ಪ್ರೆಸ್

ಅತ್ತಿಗೆ, ಮಣ್ಣು ಅಂದಿದ್ದು ವಾಪಸ್ ತಗೊಂಡೆ. ಆದ್ರೂ ಕೇಳ್ತೀನಿ, ಮಾಲ್ ಆಫ್ ಅಮೆರಿಕಾ ಬಂದಾಗ ಇದು ಹೇಗೆ ಉಳ್ಕೊಂಡ್ತು?

ತಿಪಟೂರಿನ ಅತ್ತಿಗೆ

ವಿಶ್ವ, ಒಪ್ಪಿದೆ, ನಿಮ್ಮದೇ ಮೊದಲು ಅಂತ ಇಟ್ಕೋ. ಸೌತ್‌ಡೇಲ್‌ನವರು ಹೇಳೋದು ಪೂರ್ತಿ ಮುಚ್ಚಿದ, ಹವೆ ಹದಮಾಡಿದ, ಎರಡೆರಡು ದೊಡ್ಡ ಅಂಗಡಿ ಇರೋ ಮೊದಲ ಮಾಲ್ ಅಂತ. ಅಷ್ಟೊಂದು ವಿಶೇಷಣ ಹಚ್ಚಿದ್ರೆ ನಮ್ಮ ತಿಪಟೂರು ಸಂತೇನೂ ಏನೋ ಒಂದರಲ್ಲಿ ಮೊದಲಾಗತ್ತೆ. ಆದ್ರೆ ಆಮೇಲೆ ಊರೂರಲ್ಲಿ ನಕಲು ಮಾಡಿದ್ದು ಆಪಲ್ಟನ್‌ದಲ್ಲ, ಈಡೈನಾದು.

ಎಕ್ಸ್‌ಪ್ರೆಸ್, ಮಾಲ್ ಆಫ್ ಅಮೆರಿಕಾ ತೆರೆದಿದ್ದು 1992ರ ಆಗಸ್ಟಲ್ಲಿ, ನಾನು ಬರೋಕೆ ಮೊದಲೇ. ಹಳೇ ಬೇಸ್‌ಬಾಲ್ ಕ್ರೀಡಾಂಗಣ ಕೆಡವಿದ ಜಾಗ ಅದು. ಅಲ್ಲೊಂದು ತಮಾಷೆ ಇದೆ: ಅದರ ಓಡಾಡೋ ಜಾಗಕ್ಕೆ ಬೇರೆ ಹೀಟರೇ ಇಲ್ಲ. ಗಾಜಿನ ಚಾವಣಿ ಬಿಸಿಲು, ದೀಪದ ಕಾವು, ಜನರ ಮೈಕಾವು, ಇಷ್ಟರಲ್ಲೇ ಬೆಚ್ಚಗಿರತ್ತೆ. ಮದುವೆ ಮನೆ ಥರ. ಅಲ್ಲಿಗೆ ಹೋಗೋದು ನೆಂಟರು ಬಂದಾಗ. ಸೌತ್‌ಡೇಲ್‌ಗೆ ಹೋಗೋದು ಗುಂಡಿ ಕಿತ್ತುಹೋದಾಗ, ಕನ್ನಡಕದ ತಿರುಪು ಬಿದ್ದಾಗ. ಹಾಗೇ ಉಳ್ಕೊಂಡ್ತು ಅಂತ ನನ್ನ ಅಂದಾಜು. ಎಲ್ಲಾ ಉಳೀಲಿಲ್ಲ ಮತ್ತೆ. ಡೇಟನ್ಸ್‌ನವರು ಆಮೇಲೆ ಊರ ಸುತ್ತ ಬ್ರೂಕ್‌ಡೇಲ್, ರೋಸ್‌ಡೇಲ್, ರಿಡ್ಜ್‌ಡೇಲ್ ಅಂತ ಇನ್ನೂ ಮೂರು ಕಟ್ಟಿದ್ರು. ಬ್ರೂಕ್‌ಡೇಲ್ ಕೆಡವಿ ಅಲ್ಲೀಗ ವಾಲ್‌ಮಾರ್ಟ್ ಇದೆ.

ಲೆಕ್ಕಪತ್ರ ಹೇಳಿದ್ದು ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಗ್ರುಯೆನ್ ಬಗ್ಗೆ ಅವರು ಅಂದಿದ್ದು ಸರಿ. ಅವನ ನಕ್ಷೆಯಲ್ಲಿ ಸೌತ್‌ಡೇಲ್ ಬರೀ ಅಂಗಡಿ ಸಾಲು ಆಗಿರಲಿಲ್ಲ. ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು, ಕೆರೆ, ಎಲ್ಲಾ ಸೇರಿ ಒಂದು ಊರು. ವಿಯೆನ್ನಾದ ಪೇಟೆ ಚೌಕ ಅವನ ತಲೇಲಿತ್ತು. ಆಗಿದ್ದು? ಆಸ್ಪತ್ರೆ ಏನೋ ಬಂತು, ಮಿಕ್ಕ ಕಡೆ ಕಾರು ನಿಲ್ಲಿಸೋ ಡಾಂಬರು. ಫ್ರ್ಯಾಂಕ್ ಲಾಯ್ಡ್ ರೈಟ್ ಅಂತ ಹೆಸರಾಂತ ವಾಸ್ತುಶಿಲ್ಪಿ ಶುರುವಿನಲ್ಲೇ ಬಂದು ನೋಡಿ, ಹಳ್ಳಿ ಬೀದಿಯ ಕೆಡುಕೆಲ್ಲಾ ಇದೆ, ಅದರ ಚೆಲುವು ಮಾತ್ರ ಇಲ್ಲ ಅಂತ ಮೂಗು ಮುರಿದಿದ್ನಂತೆ. ಅವನು ಬಂದಿದ್ದು ಚಳಿಗಾಲದಲ್ಲಿ ಅಲ್ಲ ಅನಿಸತ್ತೆ, ಫೆಬ್ರುವರಿಯಲ್ಲಿ ಬಂದಿದ್ರೆ ಬಾಯಿ ಮುಚ್ಕೊಂಡು ಬೆಂಚಲ್ಲಿ ಕೂತಿರ್ತಿದ್ದ. ಗ್ರುಯೆನ್ ಕೊನೆಗೆ ಬೇಜಾರಾಗಿ ವಿಯೆನ್ನಾಗೇ ವಾಪಸ್ ಹೋದ. ಕೆಲವು ವರ್ಷ ಕಳೆದ ಮೇಲೆ ಅವನ ಊರಿನ ಆಚೆಗೇ ಒಂದು ದೊಡ್ಡ ಮಾಲ್ ಎದ್ದಿತು! ಈ ಮಾಲ್‌ಗಳಿಗೆ ನಾನು ಅಪ್ಪ ಅಲ್ಲ, ಇವಕ್ಕೆ ಜೀವನಾಂಶ ಕೊಡಲ್ಲ ಅಂತ ಭಾಷಣದಲ್ಲೇ ಹೇಳಿಬಿಟ್ಟ. 1980ರಲ್ಲಿ ತೀರಿಕೊಂಡ.

ನನಗೊಂದು ಅನಿಸೋದು ಇಷ್ಟು. ಹೊಸಕೋಟೆ ಹುಡುಗ ಮಿನಿ ವಿಧಾನಸೌಧ ಅಂತ ನಕ್ಕ. ಅಂಗಡಿ ಖಾಲಿಯಾದ ಕಡೆಗೆ ಕೌಂಟಿ ಕಚೇರಿ ಬಂತು, ಜಿಮ್ ಬಂತು, ಕಾರು ನಿಲ್ಲಿಸೋ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ವು, ಹೋಟೆಲ್ ಬಂತು. ಅವನು 1956ರಲ್ಲಿ ಬೇಕು ಅಂದಿದ್ದೆಲ್ಲಾ ವ್ಯಾಪಾರ ಬಿದ್ದ ಮೇಲೆ ಒಂದೊಂದಾಗಿ ಬರ್ತಿದೆ. ಕೆರೆ ಒಂದು ಬಾಕಿ. ನಾನು ಕಳೆದ ವರ್ಷ ಲೈಸೆನ್ಸ್ ನವೀಕರಿಸೋಕೆ ಹೋಗಿದ್ದೆ. ಟೋಕನ್ ತಗೊಂಡು ಕಾಯ್ತಾ ಕಾಯ್ತಾ ಎದ್ದು ಮೇಸೀಸ್‌ಗೆ ಹೋಗಿ ಗಂಡಸರ ಶರ್ಟಿನ ಕಡೆ ನೋಡಿ ಬಂದೆ. ನನ್ನ ಕೌಂಟರ್ ಇದ್ದ ಕಡೆ ಈಗ ಕನ್ನಡಿನೂ ಇಲ್ಲ. ಒಂದು ಶರ್ಟ್ ಯಾರೋ ಬಿಚ್ಚಿ ಹಾಗೇ ಬಿಸಾಕಿದ್ರು. ಮಡಿಸಿಟ್ಟು ಬಂದೆ. ಕಾಲರ್ ಕೆಳಗೆ ಸೂಜಿ ಇತ್ತು.

ಹೊಸಕೋಟೆ ಹುಡುಗ

ಎಲ್ಲರಿಗೂ ಥ್ಯಾಂಕ್ಸ್, ವಿಶೇಷವಾಗಿ ಅತ್ತಿಗೆಗೆ. ತಡವಾಗಿ ಬರೀತಿದ್ದೀನಿ, ಅಮ್ಮ ಬಂದು ಹತ್ತು ದಿನ ಆಯ್ತು. ಮೊದಲ ದಿನ ಸೀರೆ ಮೇಲೆ ನನ್ನ ಜಾಕೆಟ್, ಕಾಲಿಗೆ ಹಿಮದ ಬೂಟು. ಒಳಗೆ ಹೋದ ಕೂಡಲೇ ಬೂಟು ಬಿಚ್ಚಿ ಚೀಲದಲ್ಲಿದ್ದ ಕ್ಯಾನ್ವಾಸ್ ಶೂ ಹಾಕಿಕೊಂಡ್ರು, ಕೆರೆ ಏರಿಗೆ ಹೊರಟ ಹಾಗೆ. ಬಾಗಿಲ ಫೋಟೊ ತೆಗೆದುಕೊಟ್ಟಿದ್ದೆ. ಅಮ್ಮ ಸರಿಯಾಗಿ ವಾಪಸ್ ಬಂದು ನಿಂತಿದ್ರು, ತಪ್ಪು ಅಂತಸ್ತಲ್ಲಿ ಕಾರು ಹುಡುಕ್ತಾ ನಿಂತವನು ನಾನು.

ಈಗ ಮೂರು ಸುತ್ತು ಆಗ್ತಿದೆ. ಪ್ರತಿ ಸುತ್ತಿಗೂ ಚಿನ್ನದ ಮರದ ಹತ್ರ ಎರಡು ನಿಮಿಷ ಕೂರ್ತಾರೆ. ಅಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಪರಿಚಯ ಆಗಿದ್ದಾರೆ, ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ನಿನ್ನೆ ಅಮ್ಮ ಡಬ್ಬಿಯಲ್ಲಿ ಕೋಡುಬಳೆ ತಗೊಂಡು ಹೋಗಿದ್ರು. ಅತ್ತಿಗೆ, ಒಂದು ಕೇಳ್ಬೇಕಿತ್ತು: ಭಾನುವಾರ ವಾಕಿಂಗ್‌ಗೆ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ? ಅಜ್ಜಿ ಭಾನುವಾರ ಬರ್ತಾರಂತೆ, ಬೆರಳಲ್ಲಿ ಏನೋ ತೋರಿಸಿದ್ರು, ಎಂಟೋ ಒಂಬತ್ತೋ ಅಮ್ಮನಿಗೆ ಗೊತ್ತಾಗಲಿಲ್ಲ.